ಜೊವಿಟಾಳ ಬೇಟೆ ಬಿಲ್ಲು

ತೊಂದರೆ ಶುರುವಾದದ್ದು ಜೊವಿಟಾ ಮೆಟ್ಟಿಲಲ್ಲಿ ಕನ್ನಡ ಮಾತಾಡಿದ್ದರಿಂದ.

ಒಮಾನಿನ ಸಹಮ್‌ನ ಆ ಕಟ್ಟಡದಲ್ಲಿ ಒಂಬತ್ತು ವರ್ಷಗಳಿಂದ ಅವಳೂ ಗಂಡ ಬಾಸಿಲನೂ ಒಂದು ನಿಯಮ ಪಾಲಿಸುತ್ತಿದ್ದರು. ಗುಟ್ಟಿನ ಮಾತೆಲ್ಲ ಕೊಂಕಣಿಯಲ್ಲಿ. ಮೇಲಿನ ಮಹಡಿಯ ಅಂಗಾರ ಮತ್ತು ಉಮಾವತಿ ತುಳುವಿನವರು. ಅವರ ಜೊತೆ ಕನ್ನಡ. ಆ ಶುಕ್ರವಾರ ಬೆಳಿಗ್ಗೆ ಕಸ ಹಾಕಲು ಇಳಿದವಳು ಉಮಾವತಿಯ ಹತ್ತಿರ ಹತ್ತು ನಿಮಿಷ ಮೀನಿನ ಸುದ್ದಿ ಮಾತಾಡಿ ವಾಪಸು ಹತ್ತಿದ್ದಳು. ನಾಲಗೆ ಗೇರು ಬದಲಾಯಿಸಲಿಲ್ಲ.

"ಬೇಗ ಹೊರಡಿ. ಹನ್ನೊಂದಕ್ಕೆ ಜುಮಾ ನಮಾಜಿಗೆ ಅಂಗಡಿ ಮುಚ್ತದೆ. ಇವತ್ತು ಬಿಲ್ಲು ತಕೊಳ್ಳದಿದ್ರೆ ಜಾಗ ಹೋಯ್ತು" ಎಂದು ಬಾಗಿಲಲ್ಲಿದ್ದ ಬಾಸಿಲನಿಗೆ ಕನ್ನಡದಲ್ಲೇ ಹೇಳಿಬಿಟ್ಟಳು.

ಹಿಂದೆ ಬರುತ್ತಿದ್ದ ಉಮಾವತಿಯ ಚಪ್ಪಲಿ ಸದ್ದು ನಿಂತಿತು.

"ಎಂತ ಬಿಲ್ಲು?"

ಊರ ಹೊರಗೆ ಖರ್ಜೂರದ ತೋಟದಲ್ಲಿ ಮಹಮೂದ್ ಎಂಬ ಒಮಾನಿಯೊಬ್ಬ ಹೆಂಗಸರಿಗೆ ಬಿಲ್ಲುಗಾರಿಕೆ ಕಲಿಸುತ್ತಿದ್ದ. ನಿಜವಾದ ಬೇಟೆಯಲ್ಲ, ತೋಟದ ತುಂಬ ಸ್ಪಂಜಿನ ಆಡು, ಸ್ಪಂಜಿನ ಹಂದಿ ನಿಲ್ಲಿಸಿ, ಬೇಟೆಯ ಬಿಲ್ಲಿನಿಂದ ಅವಕ್ಕೆ ಬಾಣ ಬಿಡುವುದು. ತಂಡದಲ್ಲಿ ಒಂದು ಜಾಗ ಖಾಲಿಯಾಗಿತ್ತು. ಶುಕ್ರವಾರ ನಾಲ್ಕು ಗಂಟೆಗೆ ಸ್ವಂತ ಬಿಲ್ಲು ತಂದು, ಮೂರರಲ್ಲಿ ಎರಡು ಬಾಣ ಆಡಿಗೆ ತಾಗಿಸಿದರೆ ಆ ಜಾಗ ಸಿಗುತ್ತಿತ್ತು. ಎರಡು ವಾರ ಬಿಟ್ಟು ತಂಡ ಇಬ್ರಿ ಪಟ್ಟಣದ ಶಿಬಿರಕ್ಕೆ ಹೋಗುವುದಿತ್ತು. ಜೊವಿಟಾ ದಂತ ಚಿಕಿತ್ಸಾಲಯದ ರಿಸೆಪ್ಷನಿಸ್ಟ್. ಒಂಬತ್ತು ವರ್ಷಗಳಿಂದ ಅವಳು ಮಾಡಿದ್ದೆಲ್ಲ ಬೇರೆಯವರ ಹಲ್ಲಿಗೆ ಸಂಬಂಧಪಟ್ಟ ಕೆಲಸ. ಇದೊಂದಾದರೂ ತನ್ನದಾಗಬೇಕೆಂದು ಅವಳಿಗಿತ್ತು.

"ಬಿಲ್ಲಾ?" ಎಂದು ಅಂಗಾರ ಲುಂಗಿಯಲ್ಲೇ ಇಳಿದು ಬಂದ. ಸೊಹಾರ್ ಬಂದರಿನ ಕಚೇರಿಯಲ್ಲಿ ಗುಮಾಸ್ತನಾದ ಅವನು ಏಳು ವರ್ಷದ ಹಿಂದೆ ಇಲ್ಲಿನ ಕನ್ನಡಿಗರ ಸಂಘದ ಯಕ್ಷಗಾನದಲ್ಲಿ ಒಮ್ಮೆ ಅರ್ಜುನನಾಗಿದ್ದ. ಆ ವೇಷದಿಂದ ಇನ್ನೂ ಪೂರ್ತಿ ಇಳಿದಿರಲಿಲ್ಲ. "ನನ್ನನ್ನು ಬಿಟ್ಟು ಬಿಲ್ಲು ತಕೊಳ್ಳುದಾ? ಎರಡು ನಿಮಿಷ. ಪ್ಯಾಂಟ್ ಹಾಕಿ ಬಂದೆ."

ಕಾರಿನಲ್ಲಿ ಹಿಂದೆ ಅಂಗಾರ, ಉಮಾವತಿ. ಮುಂದೆ ಜೊವಿಟಾ ಸಿಡುಕಿನಿಂದ, ಈ ಸಲ ತಪ್ಪದೆ ಕೊಂಕಣಿಯಲ್ಲಿ, ಗಂಡನಿಗೆ ಹೇಳಿದಳು: "ಇನ್ನು ಮಧ್ಯಾಹ್ನ ಊಟಕ್ಕೂ ಕರೀತಾಳೆ ನೋಡಿ. ಇವಳ ಗಸಿಯ ಸಾರಲ್ಲಿ ಕೋಳಿ ತುಂಡು ಹುಡುಕ್ಲಿಕ್ಕೆ ಟಾರ್ಚ್ ಬೇಕು."

ಬಾಸಿಲ್ ಸ್ಟೇರಿಂಗ್ ಹಿಡಿದು ನಕ್ಕ. ಉಮಾವತಿ ಕಿಟಕಿಯಾಚೆ ನೋಡಿದಳು.

ಉಮರಬ್ಬನ ಅಂಗಡಿಯಲ್ಲಿ ಗಾಳ, ಟೆಂಟು, ಇದ್ದಿಲು, ಮೂಲೆಯಲ್ಲಿ ಐದಾರು ಬಿಲ್ಲು. ಉಳ್ಳಾಲದ ಅವನು ವಿಷಯ ತಿಳಿದವನು. ಇಪ್ಪತ್ತೆರಡು ಪೌಂಡಿನ ಒಂದು ಬಿಲ್ಲು ತೆಗೆದ. "ಪೌಂಡ್ ಅಂದ್ರೆ ಬಿಲ್ಲಿನ ತೂಕ ಅಲ್ಲ, ಹೆದೆ ಎಳೀಲಿಕ್ಕೆ ಬೇಕಾದ ಬಲ. ಹೊಸಬರಿಗೆ ಇಷ್ಟು ಸಾಕು. ದಿನಕ್ಕೆ ಐವತ್ತು ಸಲ ಎಳೆದ್ರೂ ಭುಜ ಹೋಗ್ಲಿಕ್ಕಿಲ್ಲ."

"ಆ ದೊಡ್ಡದು ಎಷ್ಟು ಪೌಂಡು?" ಉಮಾವತಿ ಕೇಳಿದಳು.

"ನಲವತ್ತೈದು."

"ರೇಟು?"

"ಎರಡಕ್ಕೂ ಒಂದೇ."

"ಹಾಗಾದ್ರೆ ಅದೇ ಕೊಡಿ. ಒಂದೇ ರೇಟಿಗೆ ಇಪ್ಪತ್ಮೂರು ಪೌಂಡು ಯಾಕೆ ಬಿಟ್ಟು ಬರುದು?"

ವಿಮಾನದಲ್ಲಿ ಮೂವತ್ತು ಕಿಲೋ ಬಿಟ್ಟರೆ ಇಪ್ಪತ್ತೊಂಬತ್ತೂವರೆ ತುಂಬಿ, ಉಳಿದ ಅರ್ಧಕ್ಕೆ ಟ್ಯಾಂಗ್ ಡಬ್ಬಿ ತುರುಕುವ ಜನ ಅವರು. ಬಾಸಿಲನಿಗೂ ಆ ತರ್ಕ ಹಿಡಿಸಿತು. ಜೊವಿಟಾ ದೊಡ್ಡದನ್ನು ಎಳೆದು ನೋಡಿದಳು. ಹೆದೆ ನಾಲ್ಕು ಬೆರಳಷ್ಟು ಬಂತು. ಕಣ್ಣು ಅದಕ್ಕಿಂತ ಹೆಚ್ಚು ಹೊರಗೆ ಬಂತು.

"ನಂಗೆ ಸಣ್ಣದೇ ಸಾಕು" ಎಂದಳು. ಆ ದಿನ ಅವಳು ಗೆದ್ದ ವಾದ ಅದೊಂದೇ.

ಸಣ್ಣದನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಹೆದೆ ಎಳೆದಳು.

"ಅಯ್ಯೋ, ಎಡಗೈಲಿ ಹಿಡೀತೀಯಾ?" ಉಮಾವತಿ ಅವಳ ಮಣಿಕಟ್ಟು ಹಿಡಿದಳು. "ಹೊಸ ವಸ್ತು ಯಾರಾದ್ರೂ ಎಡಗೈಲಿ ಹಿಡೀತಾರಾ ಮಾರಾಯ್ತಿ? ಇವರ ಫೋಟೋ ನೋಡು."

ಅಂಗಾರ ಆಗಲೇ ಮೊಬೈಲು ಚಾಚಿದ್ದ. ಕಿರೀಟ, ಮೀಸೆ, ಬಲಗೈಯಲ್ಲಿ ಬಿಲ್ಲು.

"ನಂಗೆ ಸರೀ ನೆನಪಿಲ್ಲ. ಆದ್ರೆ ಫೋಟೋ ಸುಳ್ಳು ಹೇಳ್ತದಾ?" ಎಂದ ಅವನು.

ಬಾಸಿಲನೂ ತಲೆಯಾಡಿಸಿದ. "ಇಲ್ಲಿಯವರೂ ಒಳ್ಳೇದಕ್ಕೆಲ್ಲ ಬಲಗೈಯೇ ಉಪಯೋಗಿಸುದು."

ಉಮರಬ್ಬ ಬಾಯಿ ತೆರೆದ. ಬೇಟೆ ಬಿಲ್ಲಿನ ಹಿಡಿಯ ಒಂದು ಪಕ್ಕದಲ್ಲಿ ಬಾಣ ಕೂರುವ ಜಾಗ ಕೊರೆದಿರುತ್ತದೆ. ಎಡಗೈಯಲ್ಲಿ ಹಿಡಿಯುವವರಿಗೆ ಒಂದು ಪಕ್ಕ, ಬಲಗೈಯಲ್ಲಿ ಹಿಡಿಯುವವರಿಗೆ ಇನ್ನೊಂದು. ಸಾಮಾನ್ಯರು ಎಡಗೈಯಲ್ಲೇ ಹಿಡಿಯುವುದು. ಇನ್ನೊಂದು ಬಗೆ ಎಡಚರಿಗೆ. ಇದನ್ನೆಲ್ಲ ಹೇಳಬೇಕೆಂದಿದ್ದವನಿಗೆ, ಎಡಚರಿಗೆಂದು ತರಿಸಿ ಎರಡು ವರ್ಷದಿಂದ ಗೋಡೆಯಲ್ಲಿ ಧೂಳು ತಿನ್ನುತ್ತಿದ್ದ ಒಂದೇ ಒಂದು ಬಿಲ್ಲು ಕಣ್ಣಿಗೆ ಬಿತ್ತು. ಬಾಯಿ ಮುಚ್ಚಿದ. ಅದನ್ನು ಒರೆಸಿ ಕೊಟ್ಟ.

ಜೊವಿಟಾ ಅದನ್ನು ಬಲಗೈಯಲ್ಲಿ ಹಿಡಿದು ಎಳೆದಳು. ಯಾಕೋ ಆರಾಮವೆನಿಸಿತು. ಮೂರು ಜನ ಒತ್ತಾಯಿಸಿದ್ದು ಆರಾಮವೆನಿಸುವುದು ಅವಳಿಗೆ ಅನುಮಾನದ ವಿಷಯವೇ ಆಗಿತ್ತು.

ಊಟಕ್ಕೆ ಕರೆ ಬಂತು. ಗಸಿ ತಿಂದು ಕೆಳಗೆ ಬಂದಾಗ ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಅಂಗಾರನ ಫೋಟೋ ಬಂದಿತ್ತು: 'ನನ್ನ ಶಿಷ್ಯೆಗೆ ಶುಭವಾಗಲಿ.' ಜೊವಿಟಾ ಅದನ್ನು ದೊಡ್ಡದು ಮಾಡಿ ನೋಡಿದಳು. ಅರ್ಜುನನ ಹಿಂದೆ ಸಂಘದ ಬ್ಯಾನರಿನಲ್ಲಿ ಅಕ್ಷರಗಳೆಲ್ಲ ತಿರುಗಾ ಮುರುಗಾ. ಉಮಾವತಿ ಅದನ್ನು ತೆಗೆದದ್ದು ವೇಷದ ಕೋಣೆಯ ಕನ್ನಡಿಯಿಂದ. ಅರ್ಜುನ ಬಿಲ್ಲು ಹಿಡಿದದ್ದು ಎಡಗೈಯಲ್ಲೇ.

ಮೂರು ಗಂಟೆಗೆ ಇಡೀ ಕಟ್ಟಡ ಗೊರಕೆ ಹೊಡೆಯುತ್ತಿತ್ತು. ಬಾಸಿಲನನ್ನೂ ಎಬ್ಬಿಸದೆ ಅವಳು ಟ್ಯಾಕ್ಸಿ ಹಿಡಿದು, ನಮಾಜು ಮುಗಿದು ಆಗಷ್ಟೇ ತೆರೆದಿದ್ದ ಉಮರಬ್ಬನ ಅಂಗಡಿಗೆ ಹೋದಳು.

"ಗೊತ್ತಿದ್ದೂ ಕೊಟ್ರಲ್ಲ, ಉಮರಬ್ಬಾಕ."

ಉಮರಬ್ಬನ ಮುಖ ಸಣ್ಣದಾಯಿತು. "ತಪ್ಪಾಯ್ತು. ಬದಲಾಯಿಸಿ ಕೊಡ್ತೇನೆ. ಆದ್ರೆ ಒಂದೇ ಸಲ. ಇನ್ನೊಮ್ಮೆ ಬಂದ್ರೆ ಹಲ್ವಾ ಕೊಡ್ತೇನೆ, ಬಿಲ್ಲು ಕೊಡ್ಲಿಕ್ಕಿಲ್ಲ. ಖಲಾಸ್."

ಸರಿಯಾದ ಬಿಲ್ಲನ್ನು ಚೀಲಕ್ಕೆ ಹಾಕಿಕೊಂಡು ಮೂರೂವರೆಗೆ ಅವಳು ಮನೆಯಲ್ಲಿದ್ದಳು. ಯಾರಿಗೂ ಗೊತ್ತಾಗಲಿಲ್ಲ. ಒಬ್ಬಳೇ ತೀರ್ಮಾನ ಮಾಡಿದ ಸುಖಕ್ಕೆ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ್ದಳು.

ತೋಟಕ್ಕೆ ಎಲ್ಲರೂ ಬಂದರು. ಉಮಾವತಿ ಚಾಪೆ ಹಾಸಿ ಚಕ್ಕುಲಿ ಡಬ್ಬಿ ತೆರೆದಳು. ಮಹಮೂದ್ ಹಿಂದಿ ಬಲ್ಲವನು. ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ ಹತ್ತು ಮೀಟರ್ ಆಚೆಯ ಸ್ಪಂಜಿನ ಆಡನ್ನು ತೋರಿಸಿದ. "ಯಲ್ಲಾ, ಶುರು ಮಾಡು."

ಜೊವಿಟಾ ಬಿಲ್ಲನ್ನು ಎಡಗೈಯಲ್ಲಿ ಹಿಡಿದಳು.

"ಬಲಗೈ, ಜೊವಿಟಾ, ಬಲಗೈ" ಚಾಪೆಯಿಂದ ಉಮಾವತಿಯ ದನಿ.

ಅವಳು ತಿರುಗಿ ನೋಡಲಿಲ್ಲ. ಮೊದಲ ಬಾಣ ಆಡಿನ ಎಡಕ್ಕೆ ಹಾದು ಖರ್ಜೂರದ ಮರಕ್ಕೆ ನೆಟ್ಟಿತು. ಎರಡನೆಯದು ಅದಕ್ಕಿಂತ ಎಡಕ್ಕೆ, ನೀರಿನ ಕಾಲುವೆಗೆ. ಮೂರನೆಯದು ಎರಡು ಮೀಟರ್ ಎಡಕ್ಕೆ ತನ್ನ ಪಾಡಿಗೆ ನಿಂತಿದ್ದ ಸ್ಪಂಜಿನ ಹಂದಿಯ ಹಿಂಭಾಗಕ್ಕೆ. ಅಂಗಾರ ಚಪ್ಪಾಳೆ ತಟ್ಟಿದ. ಹಂದಿಯೇ ಗುರಿಯೆಂದು ಅವನು ತಿಳಿದಿದ್ದ.

ಮಹಮೂದ್ ಮಾತ್ರ ಹಣೆ ಗಂಟಿಕ್ಕಿದ. ಅವಳ ಕೈಗಳನ್ನು ಮುಂದೆ ಚಾಚಿಸಿ, ಎರಡು ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿಸಿ, ಎದುರಿಗೆ ನಿಂತ ತನ್ನ ಮೂಗನ್ನು ಅದರಲ್ಲಿ ನೋಡಲು ಹೇಳಿದ. ಆಚೆಯಿಂದ ಅವನಿಗೆ ಕಂಡದ್ದು ಅವಳ ಎಡಗಣ್ಣು. ಮತ್ತೆ ಮಾಡಿಸಿದ. ಮತ್ತೆ ಎಡಗಣ್ಣು.

"ನಿನ್ನ ಗುರಿಯ ಕಣ್ಣು ಎಡಗಣ್ಣು" ಎಂದ. "ನಿನಗೆ ಈ ಬಿಲ್ಲು ತಪ್ಪು. ಎಡಚರ ಬಿಲ್ಲು ಬೇಕು. ಬಲಗೈಯಲ್ಲಿ ಹಿಡಿಯುವಂಥದ್ದು."

ಜೊವಿಟಾ ಕಣ್ಣು ಮುಚ್ಚಿಕೊಂಡಳು, ಎರಡನ್ನೂ.

"ಎಂತಂತೆ?" ಉಮಾವತಿ ಕೇಳಿದಳು. ಬಾಸಿಲ್ ಹೇಳಿದ. "ಮತ್ತೆ ನಾನು ಬೆಳಿಗ್ಗೆಯಿಂದ ಹೇಳಿದ್ದೆಂತ?" ಎಂದು ಅವಳು ಚಕ್ಕುಲಿ ಮುರಿದಳು.

ಮಹಮೂದ್ ಒಳಗಿನಿಂದ ತನ್ನ ಮಗಳ ಎಡಚರ ಬಿಲ್ಲು ತಂದುಕೊಟ್ಟ. ಜೊವಿಟಾ ಅದನ್ನು ಬಲಗೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಎಳೆದಳು. ಮೊದಲನೆಯದು ಆಡಿನ ಹೊಟ್ಟೆಗೆ. ಎರಡನೆಯದು ಕುತ್ತಿಗೆಗೆ. ಮೂರನೆಯದು ಎರಡರ ನಡುವೆ. ಚಕ್ಕುಲಿಯ ಸದ್ದು ನಿಂತಿತು.

"ಮಾಫಿ ಮುಷ್ಕಿಲ್, ತೊಂದರೆ ಇಲ್ಲ" ಎಂದ ಮಹಮೂದ್. "ಜಾಗ ಎರಡು ವಾರ ಬೇರೆಯವರಿಗೆ ಕೊಡುವುದಿಲ್ಲ. ಆದರೆ ಸ್ವಂತ ಬಿಲ್ಲು ತರಬೇಕು. ಇದು ಮಗಳದ್ದು."

ಜೊವಿಟಾ ಅಲ್ಲೇ ಉಮರಬ್ಬನಿಗೆ ಫೋನು ಮಾಡಿದಳು.

"ಅದಾ?" ಅವನ ದನಿಯಲ್ಲಿ ಸಂಭ್ರಮವಿತ್ತು. "ನೀವು ಹೋಗಿ ಹತ್ತು ನಿಮಿಷಕ್ಕೆ ಇಬ್ರಿಯ ಒಬ್ಬ ಎಡಚ ಬಂದು ಅದನ್ನು ತಕೊಂಡು ಹೋದ. ಎರಡು ವರ್ಷಕ್ಕೆ ಮೊದಲ ಗಿರಾಕಿ. ಮತ್ರಾ ಪೇಟೆಯಲ್ಲಿ ನನ್ನ ಅಳಿಯನ ಅಂಗಡಿ ಉಂಟು, ಎರಡು ಗಂಟೆ ದಾರಿ, ಅಲ್ಲಿ ಒಂದು ಇದ್ರೂ ಇರಬಹುದು. ಹಲ್ವಾ ಬೇಕಾದ್ರೆ ಬನ್ನಿ."

ಸಂಜೆ ಕಟ್ಟಡದ ಮೆಟ್ಟಿಲು ಹತ್ತುವಾಗ ಅಂಗಾರ, ಉಮಾವತಿ ಮುಂದೆ ಹೋಗಿದ್ದರು. ಜೊವಿಟಾಳ ಹೆಗಲಲ್ಲಿ ಉಪಯೋಗಕ್ಕೆ ಬಾರದ ಬಿಲ್ಲು ತೂಗುತ್ತಿತ್ತು. ಆದರೂ ಅವಳ ಬೆರಳುಗಳಿಗೆ ಆ ಮೂರು ಬಾಣಗಳು ಇನ್ನೂ ನೆನಪಿದ್ದವು. ತಮ್ಮ ಬಾಗಿಲ ಮುಂದೆ ನಿಂತು, ಮೇಲೆ ಕೆಳಗೆ ನೋಡಿ, ಅಚ್ಚ ಕೊಂಕಣಿಯಲ್ಲಿ ಪಿಸುಗುಟ್ಟಿದಳು:

"ಮುಂದಿನ ಶುಕ್ರವಾರ ಬೆಳಿಗ್ಗೆ ಆರಕ್ಕೆ ಮತ್ರಾಕ್ಕೆ ಹೊರಡುವ. ನಾವಿಬ್ಬರೇ. ಮೇಲಿನವರಿಗೆ ಗೊತ್ತಾಗ್ಬಾರ್ದು."

ಮೇಲಿನ ಮೆಟ್ಟಿಲ ಕಟಾಂಜನದ ಆಚೆಯಿಂದ ಉಮಾವತಿಯ ತಲೆ ಹೊರಬಂತು.

"ಆರು ಗಂಟೆಗಾದ್ರೆ ತಡ ಆಯ್ತು. ಐದೂವರೆಗೆ ಹೊರಡುವ" ಎಂದಳು ಅವಳು, ಜೊವಿಟಾಳಿಗಿಂತ ಸ್ಪಷ್ಟವಾದ ಕೊಂಕಣಿಯಲ್ಲಿ.

ಬಾಸಿಲನ ಕೈಯಿಂದ ಬೀಗದ ಕೈ ಬಿತ್ತು. ಒಂಬತ್ತು ವರ್ಷ ಆ ಮೆಟ್ಟಿಲಲ್ಲಿ ಕೊಂಕಣಿಯಲ್ಲಿ ಆಡಿದ ಮಾತುಗಳು ಒಂದೊಂದಾಗಿ ಜೊವಿಟಾಳ ತಲೆಯೊಳಗೆ ಹತ್ತಿ ಬಂದವು.

"ಉಮಕ್ಕ... ನಿಮಗೆ ಕೊಂಕಣಿ..."

"ಶಿರ್ವದ ಇಗರ್ಜಿಯ ಹಿಂದಿನ ಮನೆ ನಮ್ಮದು, ನೆರೆಕರೆಯವರೆಲ್ಲ ಕೊಂಕಣಿ ಕ್ರಿಶ್ಚಿಯನರು. ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ." ಉಮಾವತಿ ಒಳಗೆ ಹೋಗಲು ತಿರುಗಿದಳು. "ದಾರಿಗೆ ರೊಟ್ಟಿ, ಕೋಳಿ ಗಸಿ ನಾನು ತರ್ತೇನೆ. ಟಾರ್ಚ್ ಮಾತ್ರ ನೀವೇ ತನ್ನಿ."