ಒಂದೇ ಟವೆಲ್ಲಿನ ಆಪರೇಟಿಂಗ್ ಸಿಸ್ಟಮ್

"ನಾಳೆ ಬೆಳಿಗ್ಗೆ ಈ ಮನೇನ ನಾನು ನಡೆಸ್ತೀನಿ! ಅಮ್ಮ ಒಂದು ಹುಲ್ಲುಕಡ್ಡಿನೂ ಎತ್ತೋ ಹಾಗಿಲ್ಲ!"

ಕಾಲೇಜಿನಿಂದ ಬಂದವಳೇ, ಬೆನ್ನಿನ ಬ್ಯಾಗನ್ನೂ ಇಳಿಸದೆ, ನಡುಮನೆಯಲ್ಲಿ ನಿಂತು ನಾನು ಹೀಗೆ ಘೋಷಿಸಿದೆ. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಅಜ್ಜಿ ಮಾತ್ರ, "ಜ್ವರ ಏನಾದ್ರೂ ಬಂದಿದ್ಯಾ ನೋಡೇ" ಎಂದು ಅಮ್ಮನಿಗೆ ಹೇಳಿದರು.

ಜ್ವರವಲ್ಲ, ಜ್ಞಾನ! ಆವತ್ತು ಕ್ಲಾಸಿನಲ್ಲಿ ನಮ್ಮ ಮೇಡಂ ಆಪರೇಟಿಂಗ್ ಸಿಸ್ಟಮ್ ಪಾಠ ಶುರುಮಾಡಿದ್ದರು. ಕಂಪ್ಯೂಟರಿನೊಳಗೆ ಪ್ರೋಗ್ರಾಮುಗಳು ಹತ್ತಾರು, ಪ್ರೊಸೆಸರ್ ಒಂದೇ. ಎಲ್ಲರಿಗೂ ಅದೇ ಬೇಕು, ಈಗಲೇ ಬೇಕು, ನನಗೇ ಮೊದಲು ಬೇಕು! ಯಾರಿಗೆ ಯಾವಾಗ, ಎಷ್ಟು ಹೊತ್ತು ಎಂದು ಜಗಳವಿಲ್ಲದೆ ಹಂಚಿಕೊಡುವ ಯಜಮಾನನೇ ಆಪರೇಟಿಂಗ್ ಸಿಸ್ಟಮ್. ಮೇಡಂ ಇಷ್ಟು ಹೇಳಿದ್ದೇ ತಡ, ನನಗೆ ಮೈ ಜುಮ್ಮೆಂದಿತು. ಅಯ್ಯೋ, ಇದು ನಮ್ಮನೆ ಬಚ್ಚಲುಮನೆಯ ಕಥೆ!

ನಮ್ಮ ಮನೆಯಲ್ಲಿ ನಾಲ್ಕು ಜನ, ಬಚ್ಚಲು ಒಂದು. ಅಪ್ಪನಿಗೆ ಗಡಿಯಾರ ರಿಪೇರಿ ಅಂಗಡಿ. ಊರಿನ ಗಡಿಯಾರಗಳನ್ನೆಲ್ಲ ಸರಿಯಾದ ಹೊತ್ತಿಗೆ ತರುವ ಈ ಮನುಷ್ಯ ತಾನು ಮಾತ್ರ ಯಾವತ್ತೂ ಹೊತ್ತಿಗೆ ಸರಿಯಾಗಿ ಹೊರಟವರಲ್ಲ. ಒಂದು ಕೆಲಸ ಮುಗಿಯದೆ ಇನ್ನೊಂದನ್ನು ಮುಟ್ಟುವವರಲ್ಲ; ಶೂ ಲೇಸ್ ಕಟ್ಟುವಾಗ ಮಾತಾಡಿಸಿದರೆ ಉತ್ತರ ಕೂಡ ಬರುವುದಿಲ್ಲ. ಪುಸ್ತಕದ ಪ್ರಕಾರ ಹೇಳುವುದಾದರೆ ಅಪ್ಪ ಒಂದು ಸಲಕ್ಕೆ ಒಂದೇ ಪ್ರೋಗ್ರಾಮ್ ಓಡಿಸುವ ಹಳೇ ಕಾಲದ ಸಿಸ್ಟಮ್. ಅಜ್ಜಿ ಬ್ಯಾಚ್ ಸಿಸ್ಟಮ್. ವಾರವಿಡೀ ಕೆಲಸ ಕೂಡಿಹಾಕಿ, ಒಂದೇ ಸಲ ಮಾಡಲು ಕೂರುತ್ತಾರೆ. ಶುರುವಾದ ಮೇಲೆ ಬ್ರಹ್ಮ ಬಂದರೂ ನಿಲ್ಲಿಸುವಂತಿಲ್ಲ. ನಾನು ಲೇಟೆಸ್ಟ್ ಮೊಬೈಲ್ ಸಿಸ್ಟಮ್. ನೋಡಲು ಚೆಂದ, ಹತ್ತು ಕೆಲಸ ಒಟ್ಟಿಗೆ ತೆರೆದಿರುತ್ತೇನೆ, ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ಖಾಲಿ.

ಅಮ್ಮ? ಅಮ್ಮ ಯಾವ ಸಿಸ್ಟಮ್ ಎಂದು ನಾನು ಯೋಚಿಸಲೇ ಇಲ್ಲ. ಎಡವಟ್ಟಾಗಿದ್ದೇ ಅಲ್ಲಿ.

ಅಮ್ಮ ಒಂಬತ್ತು ವರ್ಷದಿಂದ ಶಾಲಾ ಬಸ್ಸಿನಲ್ಲಿ ಆಯಾ. ಮಕ್ಕಳನ್ನು ಹತ್ತಿಸುವುದು, ಇಳಿಸುವುದು, ವಾಂತಿ ಮಾಡಿದರೆ ಒರೆಸುವುದು. ಬಸ್ಸಿನ ಡ್ರೈವರ್ ಈ ತಿಂಗಳು ರಿಟೈರ್. "ದೊಡ್ಡ ಗಾಡಿ ಲೈಸೆನ್ಸ್ ತಂದ್ರೆ ಸ್ಟೀರಿಂಗ್ ನಿಮಗೇ" ಎಂದು ಹೆಡ್‌ಮಿಸ್ ಹೇಳಿದ್ದರು. ಅಮ್ಮ ಕಲಿತೂ ಬಿಟ್ಟಿದ್ದಳು! ಆದರೆ ಹಿಂದಿನ ತಿಂಗಳ ಪರೀಕ್ಷೆಗೆ ಹೋದಾಗ ಮೈದಾನದ ಗೇಟು ಮುಚ್ಚಿತ್ತು. ಆವತ್ತು ಬೆಳಿಗ್ಗೆ ಅಜ್ಜಿಯ ಮಾತ್ರೆ ಹುಡುಕಿ, ಅಪ್ಪನ ಗುಂಡಿ ಹೊಲಿದು, ನನ್ನ ಪ್ರಾಜೆಕ್ಟ್ ಫೈಲಿಗೆ ಅಂಟು ಹಚ್ಚಿ ಹೊರಟವಳು ನಾಲ್ಕೇ ನಾಲ್ಕು ನಿಮಿಷ ತಡವಾಗಿ ತಲುಪಿದ್ದಳು. ನಾಳೆಯದು ಕೊನೇ ಅವಕಾಶ. ಒಂಬತ್ತಕ್ಕೆ ಗೇಟು ಬಂದ್. ಇಂಥದ್ದಕ್ಕೆ ರಿಯಲ್-ಟೈಮ್ ಸಿಸ್ಟಮ್ ಬೇಕು: ಸರಿಯಾದ ಕೆಲಸ ತಡವಾಗಿ ಆದರೆ ಅದು ತಪ್ಪು ಕೆಲಸವೇ!

ಅದಕ್ಕೇ ನನ್ನ ಶಪಥ. ಚಾರ್ಟ್ ಬರೆದೆ. ಟೈಮ್-ಶೇರಿಂಗ್ ಪದ್ಧತಿ! ಬಚ್ಚಲಿನಲ್ಲಿ ತಲಾ ಏಳು ನಿಮಿಷ. ಅಲಾರಂ ಹೊಡೆದರೆ ಕೆಲಸ ಎಲ್ಲಿಗೇ ಬಂದಿರಲಿ, ಆಚೆ ಬರಬೇಕು. ಉಳಿದಿದ್ದು ಮುಂದಿನ ಸರದಿಯಲ್ಲಿ.

"ಉಳಿದಿದ್ದು ಅಂದ್ರೆ?" ಅಪ್ಪ ಕೇಳಿದರು.

"ಅಪ್ಪಾ, ಕಂಪ್ಯೂಟರ್ ಸೆಕೆಂಡಿಗೆ ಸಾವಿರ ಸಲ ಹೀಗೇ ಮಾಡುತ್ತೆ."

"ಅದು ಸೋಪು ಹಚ್ಕೊಳ್ಳಲ್ವಲ್ಲ!"

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಳೆಯದನ್ನು ಖಾಲಿ ಮಾಡಿದರೆ ಸಿಸ್ಟಮ್ ಚುರುಕಾಗುತ್ತದೆ ಎಂದು ಮೇಡಂ ಹೇಳಿದ್ದು ನೆನಪಾಗಿ, ಅಪ್ಪನ ಹೆಗಲ ಮೇಲಿದ್ದ ಒಂದನ್ನು ಬಿಟ್ಟು ಮನೆಯ ಟವೆಲ್‌ಗಳನ್ನೆಲ್ಲ ಬಾಚಿ ಸೋಪಿನ ಪುಡಿ ಹಾಕಿ ಬಕೆಟ್ಟಿನಲ್ಲಿ ನೆನೆಹಾಕಿದೆ. ಆಮೇಲೆ ಚಾರ್ಟಿಗೆ ಬಣ್ಣ ತುಂಬುತ್ತಾ ಕೂತವಳು ಬಕೆಟ್ಟನ್ನು ಮರೆತೇಬಿಟ್ಟೆ.

ಬೆಳಗಾಯಿತು. ಅಮ್ಮ ಎಂದಿನಂತೆ ನಮಗಿಂತ ಎಷ್ಟೋ ಮೊದಲೇ ಎದ್ದು ಸ್ನಾನ ಮುಗಿಸಿದ್ದಳು. ಅವಳನ್ನು ಕುರ್ಚಿಯಲ್ಲಿ ಕೂರಿಸಿದೆ.

"ನೀನು ಏಳ್ಬಾರ್ದು. ಮಾತು ಕೊಡು."

"ಕೊಟ್ಟೆ ಮಾರಾಯ್ತಿ. ಎಂಟೂವರೆಗೆ ಹೊರಟು ನಿಮ್ಮಪ್ಪ ನನ್ನನ್ನ ಸ್ಕೂಟರಲ್ಲಿ ಬಿಟ್ಟು ಬಂದ್ರೆ ಸಾಕು."

ಅಪ್ಪ ಬಚ್ಚಲಿಗೆ ಹೋದರು. ನಾನು ಒಲೆಯ ಮೇಲೆ ಹಾಲಿಟ್ಟು, ಇತ್ತ ಅಮ್ಮನ ಬಿಳೀ ಶರ್ಟಿಗೆ ಇಸ್ತ್ರಿ ಹಾಕತೊಡಗಿದೆ. ಹಾಲಿಗೆ ಅರ್ಧ ನಿಮಿಷ, ಶರ್ಟಿಗೆ ಅರ್ಧ ನಿಮಿಷ. ಆಹಾ, ಏನು ಓಟ, ಏನು ದಕ್ಷತೆ! ಆದರೆ ಪಾಠದಲ್ಲಿ ಇನ್ನೊಂದು ಮಾತೂ ಇತ್ತು: ಅದಲುಬದಲು ಅತಿಯಾದರೆ ಓಡಾಟವೇ ಕೆಲಸವಾಗಿ, ಕೆಲಸ ನಿಂತುಹೋಗುತ್ತದೆ. ಇಸ್ತ್ರಿ ಹತ್ತಿರ ಇದ್ದಾಗ ಹಾಲು ಉಕ್ಕಿತು. ಹಾಲಿನ ಹತ್ತಿರ ಓಡಿದಾಗ ಶರ್ಟ್ ಹೊಗೆಯಾಡಿತು. ಬೆನ್ನಿನ ನಟ್ಟನಡುವೆ ಇಸ್ತ್ರಿಪೆಟ್ಟಿಗೆಯ ಕಂದು ಗುರುತು!

ನನಗೆ ಅಳುವೇ ಬಂತು. ಅಮ್ಮ ಕುರ್ಚಿಯಿಂದ ಏಳದೆ ಕೈಚಾಚಿ ಶರ್ಟ್ ಇಸಿದುಕೊಂಡಳು. "ಅಳ್ತೀಯಾಕೆ? ಡ್ರೈವರ್ ಬೆನ್ನು ಸೀಟಿಗೆ ಅಂಟಿಕೊಂಡಿರುತ್ತೆ. ಯಾರು ನೋಡ್ತಾರೆ?"

ಅಷ್ಟರಲ್ಲಿ ಅಲಾರಂ! ಏಳು ನಿಮಿಷ! ನಾನು ಬಚ್ಚಲಿನ ಬಾಗಿಲು ಬಡಿದೆ. "ಅಪ್ಪಾ, ಟೈಮ್ ಆಯ್ತು! ಆಚೆ!"

"ಲೇ, ಮೈತುಂಬ ಸೋಪಿದೆ!"

"ಇದ್ದ ಸ್ಥಿತಿ ಹಾಗೇ ಕಾಪಾಡ್ಕೊಂಡು ಬನ್ನಿ. ಮುಂದಿನ ಸರದಿಯಲ್ಲಿ ಅಲ್ಲಿಂದಲೇ ಶುರು!"

ಪಾಪ, ಮಗಳ ಮಾತಿಗೆ ಕಟ್ಟುಬಿದ್ದು ಅಪ್ಪ ಬಂದರು. ಸೊಂಟಕ್ಕೊಂದು ಟವೆಲ್, ಉಳಿದಂತೆ ನೊರೆ. ಕಣ್ಣು ಬಿಡುವಂತಿಲ್ಲ. ಗೋಡೆ ತಡವುತ್ತಾ ಬಚ್ಚಲಿನಾಚೆಯ ಪ್ಯಾಸೇಜಿನಲ್ಲಿ ನಿಂತರು. "ಅಜ್ಜೀ, ಬೇಗ ಬೇಗ!" ಎಂದು ಅಜ್ಜಿಯನ್ನು ಒಳಗೆ ದೂಡಿದೆ. ಚಿಲಕ ಬಿತ್ತು. ನೀರು ಸುರಿಯುವ ಸದ್ದು. ಐದು ನಿಮಿಷಕ್ಕೆ ಒಳಗಿನಿಂದ ದನಿ ಬಂತು.

"ಮಗಾ, ಟವೆಲ್ ಎಲ್ಲಿ?"

ಟವೆಲ್? ಮನೆಯ ಟವೆಲ್‌ಗಳೆಲ್ಲ ಬಕೆಟ್ಟಿನಲ್ಲಿ ಸೋಪಿನ ನೀರು ಕುಡಿಯುತ್ತಾ ಮಲಗಿದ್ದವು! ಒಣಗಿದ್ದು ಜಗತ್ತಿನಲ್ಲಿ ಒಂದೇ ಒಂದು. ಅದು ಅಪ್ಪನ ಸೊಂಟದಲ್ಲಿತ್ತು.

"ಅಪ್ಪಾ, ಆ ಟವೆಲ್ ಕೊಡಿ."

"ಕೊಟ್ಟು ನಾನೇನು ಉಟ್ಕೊಳ್ಳಲಿ, ನಿನ್ನ ಚಾರ್ಟಾ? ಸ್ನಾನ ಮುಗೀಲಿ, ಕೊಡ್ತೀನಿ. ಮೊದಲು ನಿಮ್ಮಜ್ಜಿ ಆಚೆ ಬರಲಿ!"

"ಟವೆಲ್ ಇಲ್ದೆ ನಾನು ಬರಲ್ಲ ಕಣೋ!" ಒಳಗಿನಿಂದ ಅಜ್ಜಿ. "ಒದ್ದೆ ಮೈಗೆ ಬಟ್ಟೆ ಹಾಕಿ ನೆಗಡಿ ತರಿಸ್ಕೊಳ್ಳೋ ವಯಸ್ಸಾ ಇದು?"

"ನೀನು ಬರದೆ ನಾನು ಟವೆಲ್ ಬಿಡಕ್ಕಾಗಲ್ಲಮ್ಮ!"

"ನೀನು ಟವೆಲ್ ಬಿಡದೆ ನಾನು ಬರಕ್ಕಾಗಲ್ಲ ಮಗನೇ!"

ನನ್ನ ಕಣ್ಣರಳಿತು. ಡೆಡ್‌ಲಾಕ್! ಒಬ್ಬನ ಕೈಯಲ್ಲಿರುವುದು ಇನ್ನೊಬ್ಬನಿಗೆ ಬೇಕು, ಇನ್ನೊಬ್ಬನ ಕೈಯಲ್ಲಿರುವುದು ಇವನಿಗೆ ಬೇಕು, ಇಬ್ಬರೂ ಬಿಡುವುದಿಲ್ಲ, ಪ್ರಳಯದವರೆಗೂ ಹೀಗೇ ಕಾಯುತ್ತಾರೆ! ಪುಸ್ತಕದಲ್ಲಿ ಚಿತ್ರ ಬರೆದು ತೋರಿಸಿದ್ದು ನಮ್ಮನೆ ಪ್ಯಾಸೇಜಿನಲ್ಲಿ ನೊರೆಸಮೇತ ನಿಂತಿದೆ!

"ಅಪ್ಪಾ, ಇದು ಎಷ್ಟು ಪರ್ಫೆಕ್ಟ್ ಉದಾಹರಣೆ ಗೊತ್ತಾ!"

"ಕಣ್ಣು ಉರೀತಿದೆ ಕಣೇ!"

ನಾನು ಪುಸ್ತಕ ತೆಗೆದು ಪರಿಹಾರ ಹುಡುಕಿದೆ. ಒಂದು: ಯಾವುದಾದರೂ ಪ್ರೋಗ್ರಾಮನ್ನು ಕೊಲ್ಲುವುದು. ಅಪ್ಪನನ್ನೂ ಅಜ್ಜಿಯನ್ನೂ ನೆನೆದು ಪುಟ ತಿರುಗಿಸಿದೆ. ಎರಡು: ಬಲವಂತವಾಗಿ ಕಿತ್ತುಕೊಳ್ಳುವುದು. ಅಪ್ಪ ಎರಡೂ ಕೈಯಲ್ಲಿ ಟವೆಲ್ ಗಟ್ಟಿಯಾಗಿ ಹಿಡಿದುಕೊಂಡರು. ಮೂರು: ಇಡೀ ಸಿಸ್ಟಮ್ ಆಫ್ ಮಾಡಿ ಮತ್ತೆ ಶುರುಮಾಡುವುದು. ಗಡಿಯಾರ ನೋಡಿದೆ. ಎಂಟೂ ಇಪ್ಪತ್ತೈದು!

ಆಗ ಅಮ್ಮನ ಕಡೆ ತಿರುಗಿದೆ. ಅವಳು ಕೊಟ್ಟ ಮಾತಿನಂತೆ ಕುರ್ಚಿಯಲ್ಲೇ ಇದ್ದಳು. ಸುಟ್ಟ ಗುರುತಿನ ಶರ್ಟ್ ತೊಟ್ಟು, ಕೈಯಲ್ಲಿ ಸ್ಟೀಲ್ ತಟ್ಟೆಯನ್ನು ಸ್ಟೀರಿಂಗ್‌ನಂತೆ ಹಿಡಿದು, ಮೆಲ್ಲಗೆ ತಿರುಗಿಸುತ್ತಾ ಅಭ್ಯಾಸ ಮಾಡುತ್ತಿದ್ದಳು. ನಾವು ಕೂಗಿದಾಗಲೆಲ್ಲ ಅವಳ ಬಲಗಾಲು ನೆಲದ ಮೇಲೆ ಬ್ರೇಕ್ ಒತ್ತುತ್ತಿತ್ತು.

ಅವಳಿಗೆ ಏಳಬೇಡ ಎಂದವಳು ನಾನೇ.

"ಅಮ್ಮಾ," ಪುಸ್ತಕ ಮುಚ್ಚಿದೆ, "ಸಿಸ್ಟಮ್ ಹ್ಯಾಂಗ್ ಆಯ್ತು."

"ಏಳ್ಲಾ?"

"ಏಳು ಅಮ್ಮ. ಪ್ಲೀಸ್."

ಅಮ್ಮ ಎದ್ದಳು. ತಟ್ಟೆ ಮೇಜಿಗೆ, ಹೆಜ್ಜೆ ಮಂಚಕ್ಕೆ. ಒಂದೇ ಎಳೆತಕ್ಕೆ ಹಾಸಿಗೆಯ ಮೇಲಿನ ಬೆಡ್‌ಶೀಟ್ ಕೈಗೆ ಬಂತು. ಬಚ್ಚಲಿನ ಬಾಗಿಲು ತಟ್ಟಿ, "ಅತ್ತೆ, ಸ್ವಲ್ಪ ತೆಗೀರಿ" ಎಂದು ಸಂದಿಯಲ್ಲಿ ತೂರಿಸಿದಳು. ಅರ್ಧ ನಿಮಿಷಕ್ಕೆ ಅಜ್ಜಿ ಬೆಡ್‌ಶೀಟ್ ಸುತ್ತಿಕೊಂಡು ಮಹಾರಾಣಿಯಂತೆ ಆಚೆ ಬಂದರು. ಅಪ್ಪ ಒಳಗೆ ನುಗ್ಗಿದರು.

"ಅಮ್ಮ! ಇದು ಯಾವ ಅಲ್ಗಾರಿದಮ್?"

"ಬೆಡ್‌ಶೀಟ್" ಎಂದಳು ಅಮ್ಮ.

ಅಪ್ಪ ಎರಡು ಚೊಂಬು ಸುರಿದುಕೊಂಡು ಓಡಿ ಬಂದಾಗ ಎಂಟೂ ಮೂವತ್ತೈದು. ಸ್ಕೂಟರ್ ಕೀಗೆ ಕೈ ಚಾಚಿದರೆ ಅದು ಆಗಲೇ ಅಮ್ಮನ ಬೆರಳಿನಲ್ಲಿತ್ತು.

"ರೀ, ನೀವು ಹಿಂದೆ ಕೂತ್ಕೊಳ್ಳಿ. ನಿಮ್ಮ ಕಣ್ಣಲ್ಲಿ ಇನ್ನೂ ಸೋಪಿದೆ."

"ನೀನು ಓಡಿಸ್ತೀಯಾ? ಈ ಟ್ರಾಫಿಕ್ಕಲ್ಲಿ?"

"ಬಸ್ ಓಡಿಸೋಕೆ ಹೊರಟೋಳಿಗೆ ಸ್ಕೂಟರ್ ಯಾವ ಲೆಕ್ಕಾರೀ? ಹತ್ತಿ!"

ಅಪ್ಪನ ಕಿವಿಯ ನೊರೆ ಗಾಳಿಗೆ ಹಾರುತ್ತಾ ಬೀದಿಯ ತಿರುವಿನಲ್ಲಿ ಮರೆಯಾಯಿತು. ನಾನು ಖಾಲಿ ಕುರ್ಚಿಯ ಪಕ್ಕ ನಿಂತೆ. ಪುಸ್ತಕದ ಮೊದಲನೇ ಪುಟದ ಸಾಲು ಈಗ ಅರ್ಥವಾಯಿತು. ಒಳ್ಳೆಯ ಆಪರೇಟಿಂಗ್ ಸಿಸ್ಟಮ್ ಇದೆಯೆಂದೇ ಯಾರಿಗೂ ಗೊತ್ತಾಗುವುದಿಲ್ಲ. ಎಲ್ಲರ ಕೆಲಸ ಸಾಗುತ್ತಿರುತ್ತದೆ. ಅದಕ್ಕೆಂದು ಒಂದು ಸರದಿ ಇರುವುದಿಲ್ಲ. ಈ ಮನೆಗೆ ಬಂದ ಇಪ್ಪತ್ತು ವರ್ಷಕ್ಕೆ ಅಮ್ಮನಿಗೆ ಮೊದಲ ಸಲ ಸಿಕ್ಕ ಸರದಿಯನ್ನೂ ನಾನು ಸುಟ್ಟುಹಾಕಿದ್ದರೆ? ಬಕೆಟ್ಟಿನ ಟವೆಲ್‌ಗಳನ್ನು ಒಂದೊಂದಾಗಿ ಹಿಂಡಿ ಒಣಹಾಕಿದೆ. ಆವತ್ತು ಕಾಲೇಜಿಗೆ ಹೋಗಲಿಲ್ಲ.

ಹನ್ನೊಂದೂವರೆಗೆ ಫೋನ್ ಬಂತು. ಅಪ್ಪ ಕೂಗುತ್ತಿದ್ದರು. "ಗೇಟು ಹಾಕೋಕೆ ಎರಡು ನಿಮಿಷ ಇತ್ತು! ರಿವರ್ಸ್ ತಗೊಂಡಳು ನೋಡು, ಆಫೀಸರ್ರೇ ಬಾಯಿಬಿಟ್ಟು ನಿಂತ್ಬಿಟ್ರು! ಪಾಸ್! ನಿಮ್ಮಮ್ಮ ಪಾಸ್!" ಅಜ್ಜಿ ಬೆಡ್‌ಶೀಟಿನಲ್ಲೇ ಚಪ್ಪಾಳೆ ತಟ್ಟಿದರು.

ಸೋಮವಾರದಿಂದ ಅಮ್ಮ ಆರೂ ಕಾಲಿಗೇ ಬಸ್ಸಿಗೆ ಹೋಗಬೇಕು. ಮೊದಲ ದಿನ ಹೊರಡುವಾಗ ನನ್ನ ಭುಜ ತಟ್ಟಿ, "ಇನ್ಮೇಲೆ ಬೆಳಿಗ್ಗೆ ಮನೆ ನಿಂದು. ಚಾರ್ಟ್ ಬೇಡ, ಕಣ್ಣು ಕಿವಿ ತೆರೆದಿಟ್ಕೋ" ಎಂದಳು. ನನ್ನ ಎದೆ ಉಬ್ಬಿತು. ಹತ್ತು ಟವೆಲ್ ಒಣಗಿಸಿ, ಮಡಚಿ, ಸಾಲಾಗಿ ಜೋಡಿಸಿಟ್ಟಿದ್ದೆ. ಎರಡೆರಡು ಸಲ ಎಣಿಸಿದ್ದೆ!

ಅಜ್ಜಿ ಸ್ನಾನಕ್ಕೆಂದು ಬಂದರು. ಹೆಗಲ ಮೇಲೆ ಒಂದು ಟವೆಲ್. ಕಂಕುಳಲ್ಲಿ ಸುರುಳಿ ಸುತ್ತಿದ ಬೆಡ್‌ಶೀಟ್.

"ಅಜ್ಜೀ, ಅದ್ಯಾಕೆ?"

ಅಜ್ಜಿ ನನ್ನ ಕೆನ್ನೆ ಸವರಿ, ಬಲು ಪ್ರೀತಿಯಿಂದ ಹೇಳಿದರು.

"ಡ್ಯೂಟಿಲಿ ನೀನಿದೀಯಲ್ಲ ಮಗಾ, ಅದಕ್ಕೆ."