ಸುಗಲಕ್ಕನ ಕೋಣೆಯ ಹೀಟ್ ಪಂಪ್

ಗುರುಶಾಂತಪ್ಪ ಹಿತ್ತಲಿನ ಕೋಣೆಯ ಬಾಗಿಲಲ್ಲಿ ನಿಂತು, ಮದುವೆ ಮನೆಯ ಯಜಮಾನನ ಹಾಗೆ ಎರಡೂ ಕೈ ಚಾಚಿ, ಎಲ್ಲರನ್ನೂ ಒಳಗೆ ಕರೆದ. ಎಲ್ಲರೂ ಎಂದರೆ ಹೆಂಡತಿ ಇಂದುಮತಿ, ಪಕ್ಕದ ಮನೆಯ ಮಲಕಾಜಪ್ಪ, ಅವನ ಹೆಂಡತಿ ನಿಂಬೆವ್ವ. ಇಂದುಮತಿಯ ಅಕ್ಕ ಸುಗಲಾಬಾಯಿ ಮೊದಲೇ ಒಳಗೆ ಮಂಚದ ಮೇಲಿದ್ದಳು. ಮಂಚ ಬಿಟ್ಟು ಅವಳು ಬೇರೆಲ್ಲಿಗೂ ಹೋಗುವ ಹಾಗಿರಲಿಲ್ಲ.

ವಿಜಯಪುರದ ಪುಷ್ಯ ಮಾಸದ ಗಾಳಿ ಹೊರಗೆ ತುಟಿ ಒಡೆಯುವಂತೆ ಬೀಸುತ್ತಿತ್ತು. ಗುರುಶಾಂತಪ್ಪ ಗುಂಡಿ ಒತ್ತಿದ. ಗೋಡೆಯ ಮೇಲಿನ ಬಿಳಿ ಪೆಟ್ಟಿಗೆ ಹೊಟ್ಟೆ ತುಂಬಿದ ಬೆಕ್ಕಿನಂತೆ ಗುರುಗುಟ್ಟಿತು. ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮಲಕಾಜಪ್ಪ ಮಫ್ಲರ್ ಬಿಚ್ಚಿದ, ನಿಂಬೆವ್ವ ಶಾಲು ತೆಗೆದಳು. ಆಮೇಲೆ ನಾಲ್ವರೂ ಮಂಚದ ಕಡೆ ನೋಡಿದರು.

"ಬೆಚ್ಚಗಾತೇನ್ರಿ ಅಕ್ಕಾರ?" ಎಂದು ಗುರುಶಾಂತಪ್ಪ ಕೇಳಿದ.

"ಇನ್ನಾ ಹೊಸಾದೈತಿ. ನೋಡೂಣು," ಅಂದಳು ಸುಗಲಾಬಾಯಿ.

ಅವನ ಮುಖ ಇಳಿದದ್ದನ್ನು ಇಂದುಮತಿ ನೋಡಿದಳು, ನೋಡದವಳಂತೆ ಅಕ್ಕನ ದಿಂಬು ಸರಿಮಾಡಿದಳು. ಮದುವೆಯಾದಂದಿನಿಂದ ಹೀಗೇ. ಗುರುಶಾಂತಪ್ಪ ಮಾಡಿದ ಯಾವ ಯಂತ್ರಕ್ಕೂ ಅಕ್ಕನ ಬಾಯಲ್ಲಿ ಒಳ್ಳೆಯ ಮಾತು ಬಂದಿರಲಿಲ್ಲ. ನಿಜ ಹೇಳಬೇಕೆಂದರೆ ಬರುವಂಥ ಯಂತ್ರವನ್ನು ಅವನು ಮಾಡಿಯೂ ಇರಲಿಲ್ಲ. ಅವನ ಸಂಡಿಗೆ ಒಣಗಿಸುವ ಫ್ಯಾನು ಸಂಡಿಗೆಯನ್ನು ಒಣಗಿಸುವ ಮೊದಲೇ ಎರಡು ಓಣಿ ಆಚೆ ಹಂಚಿ ಬಂದಿತ್ತು. ತಾನಾಗಿ ಕಸ ಹೊಡೆಯುವ ಬುಟ್ಟಿ ಮನೆಗೆ ಬಂದ ಬೀಗರ ಚಪ್ಪಲಿಗಳನ್ನೆಲ್ಲ ನುಂಗಿದ್ದರಿಂದ ಅವರು ಬರಿಗಾಲಲ್ಲಿ ಊರಿಗೆ ಹೋಗಿದ್ದರು.

ಆದರೆ ಈ ಸಲದ ಮಾತು ಬೇರೆಯಾಗಿತ್ತು. ಸುಗಲಾಬಾಯಿಯ ಶ್ವಾಸಕೋಶ ಸೋತಿತ್ತು. ಇದೇ ಊರಿನ ಪೋಸ್ಟಾಫೀಸಿನಲ್ಲಿ ದುಡಿದು, ಒಬ್ಬಳೇ ಬದುಕಿ, ಯಾರ ಹಂಗಿಗೂ ಬೀಳದೆ ಇದ್ದವಳು ದೀಪಾವಳಿ ಹೊತ್ತಿಗೆ ತಂಗಿಯ ಮನೆಗೆ ಬಂದಿದ್ದಳು. ಇನ್ನು ಔಷಧಿಯಿಂದ ಆಗುವಂಥದ್ದೇನೂ ಇಲ್ಲ, ಹೊಗೆ ತಾಕಿಸಬೇಡಿ, ಚಳಿ ತಾಕಿಸಬೇಡಿ ಎಂದು ಡಾಕ್ಟರು ಇಂದುಮತಿಯನ್ನು ಬದಿಗೆ ಕರೆದು ಹೇಳಿದ್ದರು. ಮನೆಯೊಳಗೆ ಮಲಗಿಸುತ್ತೇವೆಂದರೆ ಸುಗಲಾಬಾಯಿ ಒಪ್ಪಲಿಲ್ಲ. ತನ್ನ ಕೆಮ್ಮಿನಿಂದ ಯಾರ ನಿದ್ದೆಯೂ ಕೆಡಬಾರದು, ಹಿತ್ತಲಿನ ಕೋಣೆಯೇ ಸಾಕು ಎಂದು ಹಟ ಹಿಡಿದಳು. ಬಾಗಿಲು ಮುಂದೆ ಮಾಡಿಕೊಂಡು, ಯಾರಿಗೂ ತೊಂದರೆ ಕೊಡದೆ ಹೊರಟುಹೋಗುವ ವಿಚಾರ ಅವಳದು ಎಂದು ಇಂದುಮತಿಗೆ ಅನ್ನಿಸಿತ್ತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ.

ಗುರುಶಾಂತಪ್ಪ ಮಾತ್ರ ಹುರುಪಿನಿಂದ ತನ್ನ ಸಾಮಾನು ತುಂಬಿದ್ದ ಆ ಕೋಣೆಯನ್ನು ಖಾಲಿ ಮಾಡಿದ. ಇದ್ದಿಲಿನ ಸಿಗಡಿ ಇಡುವಂತಿಲ್ಲ, ಕಾಯಿಲ್ ಹೀಟರು ಗಂಟಲು ಒಣಗಿಸುತ್ತದೆ ಎಂದು ಹೇಳಿ ಹೆಂಡತಿಯನ್ನು ಕರೆದುಕೊಂಡು ಅಂಗಡಿಗೆ ಹೋದ. ಅಂಗಡಿಯವನು ತೋರಿಸಿದ ಮೊದಲ ಹೀಟ್ ಪಂಪು ಕಲ್ಯಾಣ ಮಂಟಪವನ್ನು ಬೆಚ್ಚಗಿಡುವಷ್ಟು ದೊಡ್ಡದಿತ್ತು. ಇದು ಬೆಂಕಿ ಹಚ್ಚುವ ಯಂತ್ರವಲ್ಲ, ಫ್ರಿಜ್ಜನ್ನು ತಿರುಗಿಸಿ ಇಟ್ಟ ಹಾಗೆ; ಹೊರಗಿನ ಗಾಳಿ ಎಷ್ಟೇ ತಣ್ಣಗಿರಲಿ, ಅದರಲ್ಲಿರುವ ಶಾಖವನ್ನು ಹೆಕ್ಕಿ ತಂದು ಒಳಗೆ ಬಿಡುತ್ತದೆ ಎಂದು ಅಂಗಡಿಯವನು ವಿವರಿಸಿದ. ಸಣ್ಣ ಕೋಣೆಗೆ ಸಣ್ಣದೇ ಸಾಕು, ದೊಡ್ಡದು ಹಾಕಿದರೆ ಹತ್ತಿ ಆರಿ ಹತ್ತಿ ಆರಿ ಬೇಗ ಕೆಡುತ್ತದೆ ಎಂದೂ ಹೇಳಿದ. ಇಂದುಮತಿ ಎಲ್ಲಕ್ಕಿಂತ ಸಣ್ಣದನ್ನು, ಎಲ್ಲಕ್ಕಿಂತ ಕಡಿಮೆ ಸದ್ದು ಮಾಡುವುದನ್ನು ಆರಿಸಿದಳು. ಅಕ್ಕನಿಗೆ ಈಗೀಗ ಹಗಲಲ್ಲಿ ಮಾತ್ರ ನಿದ್ದೆ ಬರುತ್ತಿತ್ತು.

ಕೂಡಿಸುವುದನ್ನು ತಾನೇ ಮಾಡುತ್ತೇನೆಂದು ಗುರುಶಾಂತಪ್ಪ ಅಂಗಡಿಯ ಹುಡುಗರನ್ನು ಕಳಿಸಿಬಿಟ್ಟ. ಗೋಡೆಗೆ ಕೊರೆದ ಮೊದಲ ತೂತು ಸುಗಲಾಬಾಯಿಯ ತಲೆದಿಂಬಿನ ಹತ್ತಿರ ಬಾಯಿ ತೆರೆಯಿತು. ಎರಡನೆಯದು ಸರಿಯಾಗಿ ಬಂತು. ಹೊರಗಿನ ಯಂತ್ರವನ್ನು ಬಯಲಿನ ಕಡೆ ಮುಖ ಮಾಡಿ ಇಡಬೇಕಿತ್ತು. ಅವನು ಓಣಿಯ ಕಡೆ ಮಾಡಿ ಇಟ್ಟ. ಬಯಲಿನ ಗಾಳಿಯಲ್ಲಿ ಏನು ಶಾಖವಿದೆ, ಓಣಿಯಲ್ಲಾದರೆ ಮನೆಮನೆಯ ಒಲೆಯ ಬಿಸಿ ಸುಮ್ಮನೆ ಹಾಳಾಗುತ್ತಿದೆ ಎಂಬುದು ಅವನ ವಾದ. ಆ ಹಾಳಾಗುವ ಬಿಸಿಯನ್ನು ಹುಡುಕಿ ಎಳೆಯಲು ತಾನೇ ಮಾಡಿದ ಒಂದು ತಗಡಿನ ಪೆಟ್ಟಿಗೆಯನ್ನು ಯಂತ್ರದ ಹಿಂದೆ ಜೋಡಿಸಿದ. ಸುತ್ತಮುತ್ತ ಯಾವುದು ಎಲ್ಲಕ್ಕಿಂತ ಬಿಸಿ ಇದೆಯೋ ಅದನ್ನು ಆ ಪೆಟ್ಟಿಗೆ ತಾನೇ ಕಂಡುಹಿಡಿಯುತ್ತಿತ್ತು.

ಎಲ್ಲರಿಗೂ ಯಂತ್ರ ತೋರಿಸಿದ ಮರುದಿನ ಬೆಳಿಗ್ಗೆ ಇಂದುಮತಿ ಒಲೆಯ ಮೇಲೆ ಹಾಲಿಟ್ಟಳು. ಉರಿ ನೀಲಿಯಾಗಿ ಚೆನ್ನಾಗಿಯೇ ಉರಿಯುತ್ತಿತ್ತು. ಹಾಲು ಮಾತ್ರ ಉಕ್ಕಲಿಲ್ಲ. ಸುಮಾರು ಹೊತ್ತಿನ ಮೇಲೆ ಬೆರಳು ಅದ್ದಿ ನೋಡಿದರೆ ಇಟ್ಟಾಗ ಇದ್ದದ್ದಕ್ಕಿಂತ ತಣ್ಣಗಿತ್ತು. ರೊಟ್ಟಿ ತಟ್ಟಿ ಹಂಚಿಗೆ ಹಾಕಿದಳು. ಅದು ಮಧ್ಯಾಹ್ನದವರೆಗೂ ಹಸಿಯಾಗಿ ಆಕೆಯ ಮುಖವನ್ನೇ ನೋಡುತ್ತ ಬಿದ್ದಿತ್ತು. ಓಣಿಯ ತುದಿಯಲ್ಲಿ ಇಸ್ತ್ರಿ ಮಾಡುವ ಹುಸೇನಸಾಬನ ಪೆಟ್ಟಿಗೆಯಲ್ಲಿ ಕೆಂಡ ಕೆಂಪಗಿದ್ದರೂ ಬಟ್ಟೆಯ ಸುಕ್ಕು ಹೋಗಲಿಲ್ಲ. ಮಲಕಾಜಪ್ಪ ಹಂಡೆಯ ನೀರು ಕಾಯಿತೆಂದು ನಂಬಿ ಒಂದು ಕೊಡ ತಲೆಗೆ ಸುರಿದುಕೊಂಡ. ಆಗ ಅವನು ಹೊರಡಿಸಿದ ಸದ್ದಿಗೆ ಹಿತ್ತಲಿನ ಪಾರಿವಾಳಗಳೆಲ್ಲ ಹಾರಿ ಊರಾಚೆ ಹೋಗಿ ಕೂತವು.

ಅವನು ಒದ್ದೆ ಮೈಯಲ್ಲೇ ಜಗಳಕ್ಕೆ ಬಂದ. ಇಂದುಮತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹಿತ್ತಲು ದಾಟುವಾಗ ಅವನ ಕಣ್ಣು ಕೆಂಪಗಿದ್ದವು, ಕುತ್ತಿಗೆಯ ನರ ಉಬ್ಬಿದ್ದವು. ಯಂತ್ರದ ಎದುರಿಗೆ ಬಂದದ್ದೇ ತಡ, ನಡಿಗೆ ಸಾವಕಾಶವಾಯಿತು, ಎತ್ತಿದ ಕೈ ಇಳಿಯಿತು. ಅವನು ತಾನು ಯಾಕೆ ಬಂದೆನೆಂದು ಇಂದುಮತಿಯನ್ನೇ ಕೇಳಿದ. ಹಿಂದೆಯೇ ಬಂದ ನಿಂಬೆವ್ವನೂ ಅರ್ಧ ಬೈಗುಳದಲ್ಲಿ ನಿಂತು, ಉಳಿದರ್ಧ ನೆನಪಾಗದೆ, ಹಿತ್ತಲಿನ ಬದನೆ ಗಿಡ ಚೆನ್ನಾಗಿ ಬಂದಿದೆ ಎಂದಳು. ಗುರುಶಾಂತಪ್ಪನಿಗೆ ಬಹಳ ಸಂತೋಷವಾಯಿತು. ಯಂತ್ರ ತಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದ.

ಓಣಿಯಲ್ಲಿ ಬೆಚ್ಚಗಿನ ಜಾಗ ಎಂದರೆ ಈಗ ಸುಗಲಾಬಾಯಿಯ ಕೋಣೆ ಒಂದೇ. ಸಂಜೆಯ ಹೊತ್ತಿಗೆ ಜನ ಒಬ್ಬೊಬ್ಬರಾಗಿ ಬಂದು ಮಂಚದ ಸುತ್ತ ಕೂತರು. ಮೊದಮೊದಲು ಸುಗಲಾಬಾಯಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಆಮೇಲೆ ಹುಸೇನಸಾಬನ ತಂದೆ ಕಳಿಸಿದ ಮನಿಯಾರ್ಡರ್ ಮಾತು ಬಂತು. ಅದನ್ನು ಕೌಂಟರಿನಲ್ಲಿ ಬರೆದುಕೊಂಡವಳು ತಾನೇ ಎಂದು ಸುಗಲಾಬಾಯಿಗೆ ನೆನಪಾಗಿ, ಅವಳು ಇತ್ತ ತಿರುಗಿದಳು. ಯಾರಿಗೆ ಯಾವ ಊರಿನಿಂದ ಕಾಗದ ಬರುತ್ತಿತ್ತು, ಯಾರು ಕಾಗದ ಬರುತ್ತದೆಂದು ಸುಳ್ಳೇ ಕಾಯುತ್ತಿದ್ದರು ಎಲ್ಲ ಹೇಳತೊಡಗಿದಳು. ಚಹದ ಬದಲು ನೀರು ತಂದ ಇಂದುಮತಿ ಬಾಗಿಲಲ್ಲೇ ನಿಂತಳು. ಕೆಮ್ಮಿನ ನಡುವೆ ಅಕ್ಕ ನಗುತ್ತಿದ್ದಳು. ಆ ನಗು ಕೇಳಿ ಎಷ್ಟು ಕಾಲವಾಗಿತ್ತು ಎಂದು ಇಂದುಮತಿಗೆ ನೆನಪಾಗಲಿಲ್ಲ. ಯಂತ್ರವನ್ನು ನಿಲ್ಲಿಸು ಎಂದು ಗಂಡನಿಗೆ ಹೇಳಲು ಬಂದವಳು ಹೇಳದೆ ಹೋದಳು.

ಮರುದಿನ ಓಣಿಯಲ್ಲಿ ಯಾರೂ ಒಲೆ ಹಚ್ಚಲಿಲ್ಲ. ಹಚ್ಚಿ ಉಪಯೋಗವಿರಲಿಲ್ಲ. ಎಲ್ಲರೂ ಬಾಗಿಲು ಹಾಕಿಕೊಂಡು ಪೇಟೆಯ ಖಾನಾವಳಿಗೆ ಊಟಕ್ಕೆ ಹೋದರು. ಗುರುಶಾಂತಪ್ಪನೂ ಬುತ್ತಿ ಕಟ್ಟಿಸಿಕೊಂಡು ಬರಲು ಹೋಗಿದ್ದ. ಇಂದುಮತಿ ಅಕ್ಕನ ತಲೆ ಬಾಚಲೆಂದು ಕೋಣೆಗೆ ಹೋದಳು. ಒಳಗೆ ಗಾಳಿ ಹಿತವಾಗಿ ಬೆಚ್ಚಗಿತ್ತು. ಅಕ್ಕನ ಹಣೆ ಮುಟ್ಟಿದವಳು ಕೈ ಹಿಂದಕ್ಕೆ ಎಳೆದುಕೊಂಡಳು. ಬೆಳಿಗ್ಗೆ ಸಣ್ಣ ಜ್ವರವಿದ್ದ ಹಣೆ ಈಗ ಬಾವಿಕಟ್ಟೆಯ ಕಲ್ಲಿನಂತೆ ತಣ್ಣಗಿತ್ತು.

"ಇಂದೂ, ಥಂಡಿ ಹತ್ತೈತಿ," ಅಂದಳು ಸುಗಲಾಬಾಯಿ. ತುಟಿ ನೀಲಿಯಾಗಿತ್ತು.

ಏನಾಗುತ್ತಿದೆ ಎಂಬುದು ಇಂದುಮತಿಗೆ ಆಗ ತಿಳಿಯಿತು. ಓಣಿಯಲ್ಲಿ ಬಿಸಿಯಾದದ್ದು ಇನ್ನೇನೂ ಉಳಿದಿರಲಿಲ್ಲ. ತಗಡಿನ ಪೆಟ್ಟಿಗೆ ಅಕ್ಕನ ಜ್ವರವನ್ನು ಹುಡುಕಿ ತೆಗೆದಿತ್ತು, ಅದು ಮುಗಿದ ಮೇಲೆ ಮೈಯ ಕಾವಿಗೆ ಕೈ ಹಾಕಿತ್ತು. ಯಂತ್ರ ತಾನೇ ಬಿಟ್ಟ ಗಾಳಿಯನ್ನು ಮುಟ್ಟಬಾರದು ಎಂದು ಗುರುಶಾಂತಪ್ಪ ಪೆಟ್ಟಿಗೆಗೆ ಕಲಿಸಿದ್ದ. ಮನುಷ್ಯರನ್ನು ಮುಟ್ಟಬಾರದು ಎಂದು ಕಲಿಸುವುದು ಅವನಿಗೆ ನೆನಪಾಗಿರಲಿಲ್ಲ.

ಅವಳು ಓಡಿ ಹೋಗಿ ಸ್ವಿಚ್ ಆರಿಸಿದಳು, ಪ್ಲಗ್ ಕಿತ್ತಳು. ಯಂತ್ರ ನಿಲ್ಲಲಿಲ್ಲ. ಕರೆಂಟು ಹೋದರೂ ಅಕ್ಕನಿಗೆ ಚಳಿಯಾಗಬಾರದೆಂದು, ಹೀರಿದ ಶಾಖದಲ್ಲೇ ನಡೆಯುವಂತೆ ಗುರುಶಾಂತಪ್ಪ ಅದನ್ನು ತಿದ್ದಿದ್ದ. ಇಂದುಮತಿಯ ಕೈ ಬೆರಳು ಮರಗಟ್ಟತೊಡಗಿದವು. ಅವಸರವೂ ಕಡಿಮೆಯಾಗುತ್ತ ಬಂತು. ಸ್ವಲ್ಪ ಕೂತರೆ ಏನಂತೆ ಅನ್ನಿಸಿತು. ಅಳು ಬರಬೇಕಾದ ಹೊತ್ತಿನಲ್ಲಿ ಅಳುವೂ ಬರಲಿಲ್ಲ. ಅದೊಂದೇ ಅವಳನ್ನು ಹೆದರಿಸಿತು. ಹೊರಗೆ ಬಂದು, ಬಟ್ಟೆ ಒಗೆಯುವ ಕಲ್ಲಿನ ಹತ್ತಿರವಿದ್ದ ಹಾರೆಯನ್ನು ಎರಡೂ ಕೈಯಲ್ಲಿ ಎತ್ತಿ, ಗೋಡೆಯಿಂದ ಯಂತ್ರಕ್ಕೆ ಹೋಗುವ ತಾಮ್ರದ ಕೊಳವೆಯ ಮೇಲೆ ಹಾಕಿದಳು. ಎರಡನೆಯ ಏಟಿಗೆ ಕೊಳವೆ ಒಡೆಯಿತು. ಓಣಿಯ ಹಾಲು, ರೊಟ್ಟಿ, ಹಂಡೆ, ಇಸ್ತ್ರಿ, ಸಿಟ್ಟು ಎಲ್ಲದರ ಬಿಸಿ ಬುಸ್ಸೆಂದು ಹೊರಬಂದು, ಹೋಗಲು ಬೇರೆ ದಾರಿಯಿಲ್ಲದೆ ಹಿತ್ತಲಿನ ಮಣ್ಣಿಗೆ ಇಳಿಯಿತು. ಇಂದುಮತಿ ಕೋಣೆಗೆ ಹೋಗಿ, ಅಕ್ಕನನ್ನು ತಬ್ಬಿಕೊಂಡು, ಅದೇ ಕೌದಿಯೊಳಗೆ ಮಲಗಿದಳು. ಬಹಳ ಹೊತ್ತಿನ ಮೇಲೆ ಅಕ್ಕನ ಪಾದ ಬೆಚ್ಚಗಾದವು. ಆಗ ಅವಳು ಅತ್ತಳು.

ಬುತ್ತಿ ಹಿಡಿದು ಬಂದ ಗುರುಶಾಂತಪ್ಪ ಒಡೆದ ಕೊಳವೆ ನೋಡಿದ, ಇಬ್ಬರನ್ನೂ ನೋಡಿದ. ನಡೆದದ್ದನ್ನು ಕೇಳಿ ತಗಡಿನ ಪೆಟ್ಟಿಗೆಯನ್ನು ಬಿಚ್ಚಿ, ತಾನೇ ಹಾರೆಯಿಂದ ಚಪ್ಪಟೆ ಮಾಡಿದ. ಆ ದಿನ ಅವನು ಉಣ್ಣಲಿಲ್ಲ.

ಸುಗಲಾಬಾಯಿಯನ್ನು ಮನೆಯೊಳಗೆ, ಕಿಟಕಿಯ ಪಕ್ಕಕ್ಕೆ ತಂದು ಮಲಗಿಸಿದರು. ಈ ಸಲ ಅವಳು ಬೇಡ ಅನ್ನಲಿಲ್ಲ. ಹಿತ್ತಲಿನ ಮಣ್ಣು ಮಾತ್ರ ತಣ್ಣಗಾಗಲಿಲ್ಲ. ಬದನೆ ಗಿಡದ ಬದನೆಗಳು ಗಿಡದಲ್ಲೇ ಸುಟ್ಟು, ಬರೀ ಉಪ್ಪು ಖಾರ ಹಚ್ಚುವುದು ಬಾಕಿ ಎಂಬಂತೆ ಜೋತವು. ಎರಡು ದಿನ ಬಿಟ್ಟು ಒಂದು ನಾಯಿ ಬಂದು ಅಲ್ಲಿ ಮಲಗಿತು. ಅದು ಯಾರಿಗೆ ಹೇಳಿತೋ ಏನೋ, ಗೋಳಗುಮ್ಮಟದ ಕಡೆಯಿಂದ, ಬಸ್ ಸ್ಟ್ಯಾಂಡಿನಿಂದ, ಸ್ಟೇಷನ್ನಿನಿಂದ ಊರಿನ ಬಿಡಾಡಿ ನಾಯಿಗಳೆಲ್ಲ ಬಂದವು. ಕುಂಟ ನಾಯಿ, ಮುದಿ ನಾಯಿ, ಕಜ್ಜಿ ನಾಯಿ. ಒಂದೂ ಬೊಗಳುತ್ತಿರಲಿಲ್ಲ. ಹೊಟ್ಟೆಯನ್ನು ಮಣ್ಣಿಗೆ ಹಚ್ಚಿ, ಕಣ್ಣು ಮುಚ್ಚಿ ಬಿದ್ದಿರುತ್ತಿದ್ದವು. ಸುಗಲಾಬಾಯಿ ದಿನವೆಲ್ಲ ಕಿಟಕಿಯಿಂದ ಅವನ್ನೇ ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಗುರುಶಾಂತಪ್ಪನನ್ನು ಹತ್ತಿರ ಕರೆದಳು.

"ಯಾರಿಗರೆ ಉಪಯೋಗ ಆತು ನೋಡು," ಅಂದಳು.

ಅವನು ಅವಳ ಕಾಲ ಬಳಿ ಕೂತ. ಅದು ಹೊಗಳಿಕೆಯೋ ಅಲ್ಲವೋ ಎಂದು ಆಮೇಲೆ ಇಂದುಮತಿಯನ್ನು ಕೇಳಿದ. ಇಂದುಮತಿ ಹೌದೆಂದಳು.

ಶಿವರಾತ್ರಿಗಿಂತ ಮೊದಲೇ ಸುಗಲಾಬಾಯಿ ತೀರಿಕೊಂಡಳು. ಯಂತ್ರದಿಂದಲ್ಲ; ಡಾಕ್ಟರು ಹೇಳಿದ ಕಾರಣದಿಂದಲೇ, ತಂಗಿಯ ಕೈ ಹಿಡಿದುಕೊಂಡು. ಮಣ್ಣು ಮಾಡಿ ಬಂದವರು ತಣ್ಣೀರಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲಿ ಹಲ್ಲು ಕಡಿಯುತ್ತ, ಯಾರೂ ಹೇಳದೆಯೇ ಹಿತ್ತಲಿಗೆ ಹೋದರು. ಮಲಕಾಜಪ್ಪ, ನಿಂಬೆವ್ವ, ಹುಸೇನಸಾಬ, ಅಕ್ಕನ ಮಂಚದ ಸುತ್ತ ಕೂತಿದ್ದ ಓಣಿಯ ಮಂದಿಯೆಲ್ಲ ನಾಯಿಗಳ ನಡುವೆ ಸಿಕ್ಕ ಸಿಕ್ಕ ಜಾಗದಲ್ಲಿ ಬರಿಗಾಲೂರಿ ನಿಂತರು. ಅವರ ಬಟ್ಟೆಗಳಿಂದ ಸಣ್ಣಗೆ ಆವಿ ಏಳುತ್ತಿತ್ತು. ನಾಯಿಗಳು ಅಷ್ಟಷ್ಟೇ ಸರಿದು ಜಾಗ ಕೊಟ್ಟವು.

ನೀರು ಹಾಯಿಸಿ ಮಣ್ಣನ್ನು ಆರಿಸಿಬಿಡಲೇ ಎಂದು ಗುರುಶಾಂತಪ್ಪ ಮೆಲ್ಲಗೆ ಕೇಳಿದ. ಇಂದುಮತಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಬ್ಯಾಡ, ಇರ್ಲಿ ಬಿಡ್ರಿ," ಅಂದಳು. "ನೀವು ಮಾಡಿದ್ದರಾಗ ಇದೊಂದು ಛಲೋ ಕೆಟ್ಟೈತಿ."