ಟಿ.ಎನ್. ಪರದೆಯೂ ಅವ್ವನ ಮಣೆಯೂ

ಮಾನಿಟರ್ ಕೊಳ್ಳುವ ವಿಷಯದಲ್ಲಿ ನನ್ನನ್ನು ಮೀರಿಸುವವರು ಇಡೀ ಸವಣೂರು ತಾಲೂಕಿನಲ್ಲಿ ಯಾರೂ ಇಲ್ಲ ಎಂದು ಮೊನ್ನೆ ಶ್ರಾವಣದವರೆಗೂ ನಂಬಿದ್ದೆ. ಈಗ ನನ್ನನ್ನು ಮೀರಿಸಲು ನನ್ನ ಹೆಂಡತಿ ಸುಧಾ ಒಬ್ಬಳೇ ಸಾಕು.

ಕೊಳ್ಳಲು ಕಾರಣವಿತ್ತು. ಪ್ರತಿ ಶ್ರಾವಣ ಶುಕ್ರವಾರ ನಮ್ಮ ಮನೆಯ ಲಕ್ಷ್ಮೀಪೂಜೆಗೆ ಆರತಿ ಹಾಡು ಹೇಳುತ್ತಿದ್ದವಳು ನನ್ನ ಅಕ್ಕ. ಅವಳು ತೀರಿಕೊಂಡ ಮೇಲೆ ಇದೇ ಮೊದಲ ಶ್ರಾವಣ. ಅವಳು ಹಾಡಿದ ಒಂದೇ ಒಂದು ವಿಡಿಯೋ ಉಳಿದಿದೆ, ಅದೂ ಮೊಬೈಲಿನಲ್ಲಿ. ಅವ್ವನ ಕಣ್ಣಿಗೆ ಅದು ಕಾಣುವುದಿಲ್ಲ. ಪೂಜೆಯ ಹೊತ್ತಿಗೆ ಮಗಳ ಮುಖವನ್ನು ದೊಡ್ಡದಾಗಿ ನೋಡಬೇಕೆಂಬುದು ಅವಳ ಆಸೆ.

ನಾನು ಪರದೆಗಳ ಜಾತಿಗಳನ್ನೆಲ್ಲ ಅರೆದು ಕುಡಿದೆ. ಐ.ಪಿ.ಎಸ್. ಆದರೆ ಬಣ್ಣ ಚೆಂದ, ಯಾವ ಕಡೆಯಿಂದ ನೋಡಿದರೂ ಒಂದೇ ಥರ. ವಿ.ಎ. ಆದರೆ ಕಪ್ಪೆಂದರೆ ಕಡುಗಪ್ಪು. ಟಿ.ಎನ್. ಬಲು ಚುರುಕು, ಆದರೆ ನೇರ ಎದುರಿಗೇ ಕೂತು ನೋಡಬೇಕು. ಪೂಜೆಯ ಹೊತ್ತಿಗೆ ಅತ್ತೆಯವರು ಎಲ್ಲಿ ಕೂತಿರುತ್ತಾರೆ ಎಂದು ಸುಧಾ ಕೇಳಿದಳು. ಅದು ತಾಂತ್ರಿಕ ಪ್ರಶ್ನೆಯಲ್ಲವೆಂದು ನಾನು ತೀರ್ಪು ಕೊಟ್ಟೆ.

ಶಿಗ್ಗಾವಿಯ ಅಂಗಡಿಯವನು ಐ.ಪಿ.ಎಸ್. ಒಯ್ಯಿರೆಂದು ಬಾಯಿ ಬಡಕೊಂಡ. “ನಮ್ಮ ಮನ್ಯಾಗ ಓರೆಗಣ್ಣಲೆ ನೋಡೋರು ಯಾರೂ ಇಲ್ರಿ,” ಎಂದು ನಾನು ಘನವಾಗಿ ನುಡಿದು, ಟಿ.ಎನ್. ಹೊತ್ತುಕೊಂಡು ಬಸ್ ಹತ್ತಿದೆ. ಮನೆಯಲ್ಲಿ ಅದನ್ನು ದೇವರ ಪಕ್ಕದ ಮೇಜಿನ ಮೇಲಿಟ್ಟು, ಮೊಬೈಲನ್ನು ಅದಕ್ಕೆ ಜೋಡಿಸಿ, ಕುರ್ಚಿಯಲ್ಲಿ ಕೂತು ಪರೀಕ್ಷಿಸಿದೆ. ಅಕ್ಕನೇ ಎದುರಿಗೆ ಬಂದು ಕೂತಂತಿತ್ತು. ಹಾಡು ಮುಗಿದರೂ ಮತ್ತೊಮ್ಮೆ ಹಚ್ಚಿದೆ. ಹೆಮ್ಮೆಯೂ ಆಯಿತು!

ಶುಕ್ರವಾರ ಬಂತು. ಅವ್ವ ಮಡಿಯುಟ್ಟು ಬಂದು ದೇವರ ಮುಂದೆ ಮಣೆಯ ಮೇಲೆ ಕೂತಳು. ಮಡಿಯಲ್ಲಿದ್ದಾಗ ಅವಳು ಕುರ್ಚಿ ಮುಟ್ಟುವವಳೇ ಅಲ್ಲ. ಹುಟ್ಟಿದಾಗಿನಿಂದ ಇದನ್ನು ನೋಡುತ್ತ ಬಂದವನು ನಾನು! ಹಾಡು ಶುರುವಾಯಿತು. ಅವ್ವ ಕೆಳಗಿನಿಂದ ಕತ್ತೆತ್ತಿ ಪರದೆ ನೋಡಿದಳು.

“ಇಕಿ ಯಾರೋ?” ಎಂದಳು.

ನಾನೂ ಕುಕ್ಕರಗಾಲಿನಲ್ಲಿ ಕೂತು ನೋಡಿದೆ. ಕೆಳಗಿನಿಂದ ಅಕ್ಕನ ಮುಖ ಇದ್ದಿಲಾಗಿತ್ತು, ಕರಿಗೂದಲು ಬೆಳ್ಳಗಾಗಿತ್ತು. ಬೆಳಕು ಹೆಚ್ಚಿಸಿದೆ. ಕೂದಲು ಇನ್ನಷ್ಟು ನೆರೆಯಿತು! ನೆಲಕ್ಕಿಳಿಸೋಣವೆಂದರೆ ಕರೆಂಟಿನ ವೈರು ಗಿಡ್ಡ. ಹಿಂದಿನಿಂದ ಪುಸ್ತಕ ಒತ್ತುಕೊಟ್ಟು ಮುಂದಕ್ಕೆ ಬಾಗಿಸಿದೆ. ಸುಧಾ ಓಡಿಬಂದು ಹಿಡಿಯದಿದ್ದರೆ ಅದು ನೇರ ಆರತಿ ತಟ್ಟೆಗೇ ಬೀಳುತ್ತಿತ್ತು.

ಅವ್ವ ಬೈದಿದ್ದರೆ ಚೆನ್ನಾಗಿತ್ತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, “ಇರ್ಲಿ ಬಿಡಪಾ, ನನ್ನ ಕಣ್ಣೇ ಸರಿ ಇಲ್ಲ,” ಎಂದಳು. ನನ್ನ ಪಾಂಡಿತ್ಯದ ತಪ್ಪನ್ನು ತನ್ನ ಕಣ್ಣಿನ ಮೇಲೆ ಹಾಕಿಕೊಂಡಳಲ್ಲ, ಅದು ನನ್ನಿಂದ ತಡೆಯಲಾಗಲಿಲ್ಲ.

ಮಾನಿಟರನ್ನೇ ಎರಡೂ ಕೈಯಲ್ಲಿ ಎತ್ತಿಕೊಂಡೆ. ಅವಳ ಮಡಿಗೆ ತಾಗದಂತೆ ಮೇಜಿನ ಪಕ್ಕದಲ್ಲೇ ನಿಂತು, ಪರದೆಯನ್ನು ಅವಳ ಕಡೆಗೆ ಬಾಗಿಸಿ ಹಿಡಿದೆ. ಸುಧಾ ಹಾಡನ್ನು ಮೊದಲಿನಿಂದ ಹಚ್ಚಿದಳು. ಅವ್ವ ಕಣ್ಣು ಮಿಟುಕಿಸದೆ ನೋಡಿದಳು. ಆಮೇಲೆ ಅಕ್ಕನ ದನಿಗೆ ತನ್ನ ಸಣ್ಣ ದನಿ ಕೂಡಿಸಿದಳು. ಬಣ್ಣ, ಕಪ್ಪು, ಕೋನಗಳ ಮಹಾಪಂಡಿತನಿಗೆ ಮಾತ್ರ ಅಕ್ಕ ಕಾಣಲಿಲ್ಲ, ಮಾನಿಟರಿನ ಬೆನ್ನು ಕಂಡಿತು.

“ಕೈ ಯಾಕ ನಡಗಸ್ತೀಯೋ? ಅಕಿ ಅಲಗ್ಯಾಡ್ತಾಳ,” ಎಂದಳು ಅವ್ವ.

“ಭಾಳ ಒಜ್ಜಿ ಅದವ್ವಾ,” ಎಂದೆ.

ಮಾನಿಟರು ಭಾರವೇನೂ ಇರಲಿಲ್ಲ.